ಮಾತಾಡದ ಮಗುವೂ ತಾಯಿಯ ಮೇಲಣ ಅಪವಾದವೂ

ಮೂರು ವರ್ಷ ತುಂಬಿದರೂ ಮಗು ಮಾತಾಡದು. ಹೆಸರು ಹಿಡಿದು ಕರೆದರೆ ತಿರುಗಿ ನೋಡದು. ಆಟದ ಬಂಡಿಯ ಗಾಲಿಯೊಂದನ್ನೇ ಗಂಟೆಗಟ್ಟಲೆ ತಿರುಗಿಸುತ್ತ ಕುಳಿತಿರುವುದು. ಇಂತಹ ಮಗುವಿರುವ ಮನೆಗೆ ಬರುವ ನೆಂಟರಿಷ್ಟರು ಮೊದಲು ತಾಯಿಯ ಮುಖವನ್ನು ನೋಡುತ್ತಾರೆ. ಬಸುರಿನಲ್ಲಿ ಪಥ್ಯ ತಪ್ಪಿದಳೆಂದು ಒಬ್ಬರು, ಕೂಸನ್ನು ಬಿಟ್ಟು ಉದ್ಯೋಗಕ್ಕೆ ಹೋದಳೆಂದು ಇನ್ನೊಬ್ಬರು ತೀರ್ಪು ಕೊಟ್ಟು, ಕಾಫಿ ಕುಡಿದು ಹೊರಡುವರು. ಈ ಸ್ಥಿತಿಯನ್ನು ವೈದ್ಯರು ಆಟಿಸಂ ಎನ್ನುವರು. ಕನ್ನಡದಲ್ಲಿ ಸ್ವಲೀನತೆ ಎಂಬ ಹೆಸರು ರೂಢಿಗೆ ಬಂದಿದೆ.

ಇದು ಕೇವಲ ನಮ್ಮವರ ಮೌಢ್ಯವೆಂದು ವಿದ್ಯಾವಂತರು ನಗಬೇಕಾಗಿಲ್ಲ. ಅಮೆರಿಕದ ಬಾಲ್ಟಿಮೋರಿನ ಡಾಕ್ಟರ್ ಲಿಯೋ ಕ್ಯಾನರ್ ಅವರು 1943ರಲ್ಲಿ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಯನ್ನು ವಿವರಿಸಿದರು. ಇದು ಹುಟ್ಟಿನಿಂದ ಬಂದುದೆಂದು ಅವರೇ ಹೇಳಿದ್ದರೂ, ತಂದೆತಾಯಿಗಳಲ್ಲಿ ಅಕ್ಕರೆಯು ಸಾಲದೆಂಬ ಮಾತನ್ನೂ ಸೇರಿಸಿದರು. ಆ ಒಂದು ಮಾತೇ ಬೆಳೆದು ಹೆಮ್ಮರವಾಯಿತು. ತಾನೇ ಇಂತಹ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲ್ಯಾಂಡ್ 1964ರಲ್ಲಿ ಈ ಆರೋಪವನ್ನು ಸಕಾರಣವಾಗಿ ಖಂಡಿಸಿದರೂ, ಷಿಕಾಗೋದ ಬ್ರೂನೋ ಬೆಟ್ಟಲ್‌ಹೈಮ್ 1967ರಲ್ಲಿ ಅದನ್ನು ಸಮರ್ಥಿಸಿ ಒಂದು ಗ್ರಂಥವನ್ನೇ ಬರೆದರು. ಎಷ್ಟು ಮಂದಿ ತಾಯಂದಿರು ಈ ಕಳಂಕವನ್ನು ಹೊತ್ತು ಕಣ್ಣೀರಿಟ್ಟರೋ! 1977ರಲ್ಲಿ ಫೋಲ್‌ಸ್ಟೀನ್ ಮತ್ತು ರಟ್ಟರ್ ಎಂಬ ವೈದ್ಯರು 21 ಅವಳಿ ಜೋಡಿಗಳನ್ನು ಪರೀಕ್ಷಿಸಿ ಲೆಕ್ಕ ಕೊಟ್ಟರು. ತದ್ರೂಪಿಗಳಾದ 11 ಜೋಡಿಗಳ ಪೈಕಿ ನಾಲ್ಕರಲ್ಲಿ ಇಬ್ಬರು ಮಕ್ಕಳಿಗೂ ಆಟಿಸಂ ಇತ್ತು. ಉಳಿದ 10 ಜೋಡಿಗಳಲ್ಲಿ ಒಂದರಲ್ಲಿಯೂ ಇರಲಿಲ್ಲ. ಬೀಜವಿರುವುದು ವಂಶವಾಹಿನಿಯಲ್ಲಿ, ತಾಯಿಯ ನಡತೆಯಲ್ಲಲ್ಲವೆಂಬುದು ಮುಂದಿನ ಸಂಶೋಧನೆಗಳಿಂದ ದೃಢವಾಗಿದೆ.

ಚಿಕಿತ್ಸೆಯ ಚರಿತ್ರೆಯೂ ನಿಷ್ಕಳಂಕವಾದುದಲ್ಲ. ಲಾಸ್ ಏಂಜಲೀಸಿನ ಐವಾರ್ ಲೋವಾಸ್ ಅವರು ಪ್ರತಿಯೊಂದು ಕಲಿಕೆಯನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಹೆಜ್ಜೆಗೊಂದು ಬಹುಮಾನವಿತ್ತು ಕಲಿಸುವ ಕ್ರಮವನ್ನು ಹೂಡಿದರು. ವಾರಕ್ಕೆ 40 ಗಂಟೆಗಳಂತೆ ಎರಡು ವರ್ಷಕ್ಕೂ ಮೇಲ್ಪಟ್ಟು ಕಲಿಸಿದ 19 ಮಕ್ಕಳಲ್ಲಿ 9 ಮಕ್ಕಳು ಇತರರಂತೆಯೇ ಶಾಲೆಯಲ್ಲಿ ಕಲಿಯಬಲ್ಲವರಾದರೆಂದು 1987ರಲ್ಲಿ ಪ್ರಕಟಿಸಿದರು. ತಂದೆತಾಯಿಗಳಿಗೆ ಇದು ಅಮೃತವಾಣಿಯಾಗಿ ಕೇಳಿಸಿತು. ಆದರೆ ಮಕ್ಕಳನ್ನು ಚೀಟಿ ಎತ್ತಿ ಹಂಚಿರಲಿಲ್ಲ. ಗದರಿಕೆಯೂ ತೊಡೆಯ ಮೇಲೆ ಏಟೂ ಆ ಪಾಠದ ಅಂಗಗಳಾಗಿದ್ದವು. ಇಂತಹ ಶಿಕ್ಷಣದಲ್ಲಿ ಬೆಳೆದ ಅನೇಕರು ಈಗ ದೊಡ್ಡವರಾಗಿ, ಕಣ್ಣಿಟ್ಟು ನೋಡೆಂದು ಬಲಾತ್ಕರಿಸಿದುದೂ ಕೈ ಬಡಿಯಬೇಡವೆಂದು ತಡೆದುದೂ ತಮಗೆ ಹಿಂಸೆಯಾಯಿತೆಂದು ಹೇಳುತ್ತಿದ್ದಾರೆ. ಅವರನ್ನು ಕೇಳದೆಯೇ ಅವರ ಹಿತವನ್ನು ನಿಶ್ಚಯಿಸುವುದು, ಹಿಂದೆ ಪರಕೀಯರು ನಮ್ಮ ಹಿತವನ್ನು ನಿಶ್ಚಯಿಸುತ್ತಿದ್ದ ರೀತಿಯೇ ಸರಿ.

ಅದಿರಲಿ, ವಾರಕ್ಕೆ 40 ಗಂಟೆಗಳ ಪಾಠಕ್ಕೆ ತಿಂಗಳ ಸಂಬಳದ ಗುಮಾಸ್ತನು ಹಣವನ್ನೆಲ್ಲಿಂದ ತಂದಾನು? ಇಂತಿಷ್ಟು ತಿಂಗಳಲ್ಲಿ ಸಂಪೂರ್ಣ ಗುಣವೆಂದು ಸಾರುವವರ ಬಾಗಿಲಿಗೆ ಅವನು ಹೋಗುವುದು ಈ ಕಾರಣದಿಂದಲೇ. ಆಟಿಸಮ್ಮನ್ನು ಹೋಗಲಾಡಿಸುವ ಔಷಧವು ಯಾವ ದೇಶದಲ್ಲಿಯೂ ಇಲ್ಲ. ಅಂತಹ ಜಾಹೀರಾತುಗಳು ನಮ್ಮ ಪತ್ರಿಕೆಗೂ ಬಂದುದುಂಟು; ಹಣಸಹಿತವಾಗಿ ಹಿಂದಕ್ಕೆ ಕಳುಹಿಸಿದ್ದೇವೆ.

ನಮ್ಮ ನೆರೆಯ ಗೋವೆಯಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ಒಟ್ಟಿಗೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ಅಧಿಕಾರಿವರ್ಗದವರು ಅವಶ್ಯವಾಗಿ ಓದತಕ್ಕದ್ದು. ಎರಡರಿಂದ ಒಂಬತ್ತು ವರ್ಷದೊಳಗಿನ 65 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ಮನೆಗಳಿಗೆ ತಜ್ಞ ವೈದ್ಯರ ಬದಲು, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಆರು ತಿಂಗಳಲ್ಲಿ 12 ಪಾಠಗಳನ್ನು ಕೊಟ್ಟರು. ತಾಯಿಮಗುವಿನ ಆಟವನ್ನು ಚಿತ್ರ ತೆಗೆದು, ಆಕೆಯೊಡನೆಯೇ ಕುಳಿತು ನೋಡುವುದು, ಮಗು ಎಲ್ಲಿ ಒಂದು ಸನ್ನೆ ಮಾಡಿತು, ಆಕೆ ಎಲ್ಲಿ ಅವಸರಪಟ್ಟಳು ಎಂದು ವಿಚಾರಿಸುವುದು, ಪಾಠವೆಂದರೆ ಇಷ್ಟೇ. ತಾಯಂದಿರು ಮಗುವಿನ ಇಂಗಿತವನ್ನರಿತು ನಡೆಯತೊಡಗಿದರು. ಮಕ್ಕಳು ತಾವಾಗಿಯೇ ತಾಯಿಯತ್ತ ಬರುವುದು ಹೆಚ್ಚಿತು. ಇಬ್ಬರೂ ಕೂಡಿ ಒಂದೇ ವಸ್ತುವಿನಲ್ಲಿ ಗಮನವಿಡುವುದು ಮಾತ್ರ ಕಡಿಮೆಯಾಯಿತು, ಇದನ್ನು ಮರೆಮಾಚಲಾಗದು. ಆದರೂ, ಒಂದು ಕಾಲಕ್ಕೆ ಅಪರಾಧಿಯೆನಿಸಿದ್ದ ತಾಯಿಯ ಕೈಯಲ್ಲಿಯೇ ಇಷ್ಟು ಸಾಧ್ಯವಾಯಿತು.

ನಮ್ಮ 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಮ್ಮಿನ ಹೆಸರೇ ಇರಲಿಲ್ಲ; 2016ರ ಕಾಯಿದೆಯು ಅದನ್ನು 21 ವಿಧದ ನ್ಯೂನತೆಗಳಲ್ಲಿ ಸೇರಿಸಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯೂ ಬೆಂಗಳೂರಿನ ನಿಮ್ಹಾನ್ಸೂ ಪ್ರಸಿದ್ಧವಾದವುಗಳೇ. ಆದರೆ ಬೀದರದ ಕೂಲಿಯವನು ಮಗುವನ್ನು ಹೆಗಲ ಮೇಲೆ ಹೊತ್ತು ಎಷ್ಟು ಬಾರಿ ಮೈಸೂರಿಗೆ ಬಂದಾನು? ಊರೂರಿನ ಅಂಗನವಾಡಿಯಲ್ಲಿ ಕೂಸನ್ನು ತೂಗಿ ಲೆಕ್ಕ ಬರೆಯುವ ಕಾರ್ಯಕರ್ತೆಯು, ಕರೆದರೆ ಅದು ತಿರುಗುವುದೋ ಇಲ್ಲವೋ ಎಂಬುದನ್ನೂ ಬರೆಯುವಂತಾಗಬೇಕು. ತಿರುಗದ ಮಗುವಿನ ತಾಯಿಗೆ ಗೋವೆಯ ರೀತಿಯ 12 ಪಾಠಗಳು ಆಯಾ ತಾಲ್ಲೂಕಿನಲ್ಲಿಯೇ ದೊರೆಯಬೇಕು. ಆ ಪಾಠ ಹೇಳುವ ಕಾರ್ಯಕರ್ತೆಗೆ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಸಂಬಳವನ್ನೂ ಸರಕಾರದವರು ಕೊಡತಕ್ಕದ್ದು.