ಖಾಲಿ ಕೊಡಗಳ ಲೆಕ್ಕ

‘ರಕ್ತ ಕಡಿಮಿ ಐತಿ’ ಎಂಬುದು ಬಾಗಲಕೋಟೆ ಸೀಮೆಯಲ್ಲಿ, ಬಾದಾಮಿಯಿಂದ ಹುನಗುಂದ, ಇಳಕಲ್ಲಿನವರೆಗೆ, ಮನೆಮನೆಯ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಬೆರಳು ಚುಚ್ಚಿ ನೋಡುವ ಹಿಮೋಗ್ಲೋಬಿನ್ ಅಥವಾ ಎಚ್‌ಬಿ ರಕ್ತ ಎಷ್ಟು ಕಡಿಮೆ ಎನ್ನುತ್ತದೆ, ಯಾಕೆ ಕಡಿಮೆ ಎನ್ನುವುದಿಲ್ಲ. ಜೋಳದ ರೊಟ್ಟಿಯಲ್ಲಿ ಕಬ್ಬಿಣವೇನೋ ಇದೆ; ಜೊತೆಗಿರುವ ಫೈಟೇಟ್ ಅದನ್ನು ಸುಲಭವಾಗಿ ಮೈಗೆ ಹತ್ತಗೊಡದು, ಊಟದ ಬೆನ್ನಿಗೇ ಕುಡಿಯುವ ಚಹಾ ಇನ್ನಷ್ಟು ಅಡ್ಡಿ. ಆದರೆ ಕ್ಷಯ, ಬಿ12 ಕೊರತೆಗಳೂ ಎಚ್‌ಬಿ ಇಳಿಸಬಲ್ಲವು. ಇವನ್ನು ಬೇರ್ಪಡಿಸಲೆಂದು ಸೀರಂ ಐರನ್, ಅಂದರೆ ರಕ್ತದ ತಿಳಿಯಲ್ಲಿರುವ ಕಬ್ಬಿಣವನ್ನು, ನೋಡುವುದುಂಟು. ನನ್ನ ವಾದ ಇಷ್ಟೇ: ಆ ಅಂಕಿಯನ್ನು ಒಂಟಿಯಾಗಿ ಓದಬಾರದು. ಪಕ್ಕದಲ್ಲಿ ಟಿಐಬಿಸಿ, ಅಂದರೆ ಸೀರಂ ಒಟ್ಟು ಎಷ್ಟು ಕಬ್ಬಿಣ ಹಿಡಿಯಬಲ್ಲದು ಎಂಬ ಲೆಕ್ಕ, ಇರಲೇಬೇಕು.

ರಕ್ತದಲ್ಲಿ ಕಬ್ಬಿಣ ಹೊರುವುದು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು. ತಲೆಯ ಮೇಲೊಂದು, ಬಗಲಲ್ಲೊಂದು ಕೊಡ ಹೊತ್ತ ಹೆಣ್ಣುಮಗಳ ಹಾಗೆ ಅದರ ಒಂದೊಂದು ಅಣುವೂ ಎರಡೇ ಕಬ್ಬಿಣದ ಪರಮಾಣು ಹೊರುತ್ತದೆ. ಬಾವಿ ಬತ್ತಿದ ಬೇಸಿಗೆಯಲ್ಲಿ ಖಾಲಿ ಕೊಡಗಳ ಸಾಲು ಬೆಳೆಯುತ್ತದಲ್ಲ, ಹಾಗೇ ಮೈಯೊಳಗಿನ ದಾಸ್ತಾನು ತೀರಿದಾಗ ಯಕೃತ್ತು ಟ್ರಾನ್ಸ್‌ಫೆರಿನ್ ಹೆಚ್ಚಿಸುತ್ತದೆ. ಕ್ಷಯದಂಥ ದೀರ್ಘ ಕಾಯಿಲೆಯಲ್ಲಾದರೋ ಬಾವಿಯಲ್ಲಿ ನೀರಿದೆ, ಮುಚ್ಚಳಕ್ಕೆ ಬೀಗ ಬಿದ್ದಿದೆ, ಕೊಡಗಳೂ ಕಡಿಮೆ. ಲ್ಯಾಬಿನಲ್ಲಿ ಸೀರಂಗೆ ಆಮ್ಲ ಬೆರೆಸಿ ಕಬ್ಬಿಣವನ್ನು ಬಿಡಿಸಿ, ಫೆರೊಜಿನ್ ಎಂಬ ರಾಸಾಯನಿಕ ಹಾಕಿದರೆ ನೇರಳೆ ಬಣ್ಣ ಏಳುತ್ತದೆ. ಬಣ್ಣ ಎಷ್ಟು ದಟ್ಟವೋ ಕಬ್ಬಿಣ ಅಷ್ಟು. ಟಿಐಬಿಸಿಗೆ ಧಾರಾಳವಾಗಿ ಕಬ್ಬಿಣ ಸುರಿದು ಎಲ್ಲ ಕೊಡ ತುಂಬಿಸಿ, ಚೆಲ್ಲಿದ್ದನ್ನು ಮೆಗ್ನೀಸಿಯಂ ಕಾರ್ಬೊನೇಟ್ ಪುಡಿಯಿಂದ ಹೀರಿಸಿ, ಮತ್ತೆ ಅಳೆಯುವ ಹಳೆಯ ಕ್ರಮವಿದೆ. ಒಬ್ಬಾಕೆಯ ಸೀರಂ ಐರನ್ ಡೆಸಿಲೀಟರಿಗೆ 40 ಮೈಕ್ರೊಗ್ರಾಂ, ಟಿಐಬಿಸಿ 500 ಎನ್ನಿ: ತುಂಬಿರುವುದು ಶೇ 8 ಮಾತ್ರ, ಕಬ್ಬಿಣದ ಕೊರತೆಯ ಲಕ್ಷಣ. ಇನ್ನೊಬ್ಬಾಕೆಯದೂ 40, ಆದರೆ ಟಿಐಬಿಸಿ 200. ಶೇ 20 ತುಂಬಿದೆ. ವೈದ್ಯರು ಬೇರೆ ಕಾಯಿಲೆ ಹುಡುಕಬೇಕು.

‘ಇಷ್ಟೆಲ್ಲ ಯಾಕೆ, ಗುಳಿಗಿ ಕೊಟ್ಟರಾಯಿತಲ್ಲ’ ಎಂಬ ಆಕ್ಷೇಪದಲ್ಲಿ ಹುರುಳಿದೆ. 2018ರ ಅನೀಮಿಯಾ ಮುಕ್ತ ಭಾರತ ಯೋಜನೆಯ ಕಬ್ಬಿಣದ ಗುಳಿಗೆ ಈ ಪರೀಕ್ಷೆಗಾಗಿ ಕಾಯಬೇಕಿಲ್ಲ. ಆದರೆ ತಿಂಗಳುಗಟ್ಟಲೆ ತಪ್ಪದೆ ನುಂಗಿದರೂ ಎಚ್‌ಬಿ ಏರದವರಿಗೆ ಮತ್ತದೇ ಗುಳಿಗೆ ಕೊಡುವುದು ಉಳಿತಾಯವಲ್ಲ. ಕಬ್ಬಿಣ ಕೂಡಿಡುವ ಪ್ರೋಟೀನಾದ ಫೆರಿಟಿನ್ ಒಂದೇ ಸಾಕೆನ್ನುವವರೂ ಇದ್ದಾರೆ. ದಾಸ್ತಾನು ತಿಳಿಯಲು ಅದು ಒಳ್ಳೆಯದೇ, ಆದರೆ ಸೋಂಕಿದ್ದಾಗ ತಾನೇ ಏರಿ ಕೊರತೆಯನ್ನು ಮರೆಮಾಡುತ್ತದೆ. ಸೀರಂ ಐರನ್ನೂ ಚಂಚಲವೇ: ಸಾಮಾನ್ಯವಾಗಿ ಬೆಳಿಗ್ಗೆ ಹೆಚ್ಚು, ಸಂಜೆ ಕಡಿಮೆ, ಗುಳಿಗೆ ನುಂಗಿದ ಕೆಲವು ತಾಸು ಇನ್ನೂ ಏರು. ಅದಕ್ಕೇ ವೈದ್ಯರನ್ನು ಕೇಳಿ ಹಿಂದಿನ ದಿನದ ಗುಳಿಗೆ ಬಿಟ್ಟು, ಮುಂಜಾನೆಯ ಚಹಾಕ್ಕೂ ಮೊದಲು ರಕ್ತ ಕೊಡುವುದು ಸರಿ.