ಬೇರಿನಿಂದ ಮಾತ್ರೆಗೆ: ಮನೋರೋಗದ ಔಷಧಗಳ ಕಥೆ

ಪಶ್ಚಿಮ ಘಟ್ಟದ ಕಾಡುಗಳ ನೆರಳಿನಲ್ಲಿ ಬೆಳೆಯುವ ಚಿಕ್ಕ ಗಿಡವೊಂದುಂಟು. ಅದೇ ಸರ್ಪಗಂಧ. ಅದರ ಬೇರನ್ನು ನಮ್ಮ ದೇಶದ ವೈದ್ಯರು ಹಾವಿನ ಕಡಿತಕ್ಕೂ ಹುಚ್ಚಿಗೂ ಬಹುಕಾಲದಿಂದ ಬಳಸುತ್ತಿದ್ದರು. ಈ ಬೇರು ರಕ್ತದ ಒತ್ತಡವನ್ನು ಇಳಿಸುವುದೆಂದೂ ಉನ್ಮಾದವನ್ನು ಶಮನಗೊಳಿಸುವುದೆಂದೂ 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಡಿಲೇ ಮತ್ತು ಡೆನಿಕೇರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಕೃತಕ ಔಷಧದಿಂದ ತೀವ್ರ ಮನೋರೋಗಿಗಳು ಶಾಂತರಾಗುವುದನ್ನು ಕಂಡರು.

ಇವು ಕೆಲಸಮಾಡುವ ಬಗೆ ಎಂತಹುದು? ಮಿದುಳಿನ ಒಂದು ನರಕೋಶಕ್ಕೂ ಇನ್ನೊಂದಕ್ಕೂ ನಡುವೆ ಅತಿ ಸಣ್ಣ ಅಂತರವಿದೆ. ಡೋಪಮೀನ್ ಮೊದಲಾದ ರಾಸಾಯನಿಕಗಳು ಈ ಅಂತರವನ್ನು ದಾಟಿ ಸುದ್ದಿಯನ್ನು ಮುಟ್ಟಿಸುತ್ತವೆ. ಕಳುಹಿಸುವ ಕೋಶವು ಇವನ್ನು ಪುಟ್ಟ ಚೀಲಗಳಲ್ಲಿ ಕೂಡಿಟ್ಟಿರುತ್ತದೆ. ರಿಸರ್ಪಿನ್ ಆ ಚೀಲಗಳು ತುಂಬದಂತೆ ತಡೆಯುತ್ತದೆ. ಕ್ಲೋರ್‌ಪ್ರೊಮಜೀನ್ ಪಡೆಯುವ ಕೋಶದ ಬಾಗಿಲನ್ನೇ ಮುಚ್ಚುತ್ತದೆ. ಒಂದು ಉಗ್ರಾಣವನ್ನು ಬರಿದುಮಾಡುವುದಾದರೆ, ಇನ್ನೊಂದು ಅಂಚೆಪೆಟ್ಟಿಗೆಗೆ ಬೀಗ ಹಾಕುತ್ತದೆ. ರಕ್ತದ ಒತ್ತಡ ತೀರ ಇಳಿಯುವುದು, ಮಂಕು ಕವಿಯುವುದು ಮೊದಲಾದ ತೊಂದರೆಗಳಿಂದ ರಿಸರ್ಪಿನ್ ಮನೋರೋಗ ಚಿಕಿತ್ಸೆಯಲ್ಲಿ ಹಿಂದೆ ಸರಿಯಿತು. ಎರಡನೆಯ ಬಗೆಯ ಔಷಧಗಳು ಉಳಿದುವು. ಅವೂ ನಿರ್ದೋಷಿಗಳಲ್ಲ, ಕೈನಡುಕ, ಮೈಬಿಗಿತ, ತೂಕದ ಹೆಚ್ಚಳ ಇವು ಕೆಲವರನ್ನು ಕಾಡುತ್ತವೆ. ಆದುದರಿಂದ ವೈದ್ಯರ ಸಲಹೆಯಿಲ್ಲದೆ ಮಾತ್ರೆಯನ್ನು ನುಂಗುವುದೂ, ಥಟ್ಟನೆ ನಿಲ್ಲಿಸುವುದೂ, ಕಾಡಿನ ಬೇರನ್ನು ತೇದು ಕುಡಿಸುವುದೂ ಅಪಾಯಕರ.

ಔಷಧವೇನೋ ದೊರೆಯಿತು, ರೋಗಿಗೆ ಅದು ತಲಪುವುದು ಹೇಗೆ? ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ಅದೂ ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಯೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆದುವು. ಆದರೆ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಂತಹ ಊರಿನಿಂದ ಬೆಂಗಳೂರಿಗೆ 300 ಕಿಲೋಮೀಟರಿಗೂ ಮಿಕ್ಕ ದಾರಿ. ಮನೆಯ ಕೋಣೆಯಲ್ಲಿ ಮೌನವಾಗಿ ಕುಳಿತ ಮಗನನ್ನು ಅಷ್ಟು ದೂರ ಕರೆದೊಯ್ಯುವುದು ಬಡ ಕುಟುಂಬಕ್ಕೆ ಸುಲಭವಲ್ಲ. ಜನರ ಬಾಯಿಗೆ ಅಂಜಿ ರೋಗವನ್ನು ಮುಚ್ಚಿಡುವವರೂ ಉಂಟು.

2005ರಲ್ಲಿ ನಿಮ್ಹಾನ್ಸ್‌ನ ವೈದ್ಯರು ತಾವೇ ತೀರ್ಥಹಳ್ಳಿ ತಾಲ್ಲೂಕಿಗೆ ಬಂದು, ಸ್ಕಿಜೊಫ್ರೀನಿಯಾ ರೋಗಿಗಳನ್ನು ಗುರುತಿಸಿ ಚಿಕಿತ್ಸೆ ನೀಡತೊಡಗಿದರು. ತನ್ನನ್ನು ನೋಡಿಕೊಳ್ಳುವುದು, ಇತರರೊಡನೆ ಬೆರೆಯುವುದು, ಮಾತನ್ನು ಅರಿತು ಆಡುವುದು, ದುಡಿಯುವುದು—ಈ ನಾಲ್ಕರಲ್ಲಿ ರೋಗಿಯ ಅಸಮರ್ಥತೆ ಎಷ್ಟೆಂಬುದನ್ನು ಅಳೆದರು. ಒಂದು ವರ್ಷದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು: ಔಷಧ ಪಡೆದವರಲ್ಲಿ ಅಸಮರ್ಥತೆ ಗಣನೀಯವಾಗಿ ಕುಗ್ಗಿತ್ತು, ಪಡೆಯದವರಲ್ಲಿ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಈ ಎರಡು ಗುಂಪುಗಳನ್ನು ಚೀಟಿಯೆತ್ತಿ ವಿಂಗಡಿಸಿರಲಿಲ್ಲವಾದ್ದರಿಂದ, ವ್ಯತ್ಯಾಸವೆಲ್ಲವೂ ಔಷಧದ್ದೇ ಎಂದು ವಿಜ್ಞಾನದ ವಿದ್ಯಾರ್ಥಿ ಹೇಳಲಾರ. ಆದರೂ ಹಳ್ಳಿಯಲ್ಲಿದ್ದುಕೊಂಡೇ ರೋಗಿ ಚೇತರಿಸಿಕೊಳ್ಳಬಲ್ಲನೆಂಬುದು ಇದರಿಂದ ಸ್ಪಷ್ಟವಾಯಿತು.

ಮನೋರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ. ಕಬ್ಬಿಣದ ಸರಪಳಿಯನ್ನು ಕಾಯಿದೆ ಕಳಚಬಲ್ಲದು; ಲಜ್ಜೆಯ ಸರಪಳಿಯನ್ನು ಕಳಚುವವರು ನೆರೆಹೊರೆಯವರಾದ ನಾವೇ.