ಕೆಸುವಿನ ಎಲೆ ಕಡಲಾಚೆ ‘ಕಲಲೂ’ ಆದಾಗ

ಮಳೆ ಬಿದ್ದರೆ ಸಾಕು, ನಮ್ಮ ತೋಟದ ಬದಿಯಲ್ಲಿ ಕೆಸು ತಾನಾಗಿ ಚಿಗುರುತ್ತದೆ. ನಮಗೆ ಅದರ ಪತ್ರೊಡೆ ಗೊತ್ತು. ಇದೇ ಎಲೆ ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದಲ್ಲಿ ಭಾನುವಾರದ ಊಟಕ್ಕೆ ಬೇಕೇ ಬೇಕು. ಅಲ್ಲಿ ಆ ಪದಾರ್ಥದ ಹೆಸರು ‘ಕಲಲೂ’. ಜಮೈಕಾ ದ್ವೀಪದಲ್ಲಿ ಕಲಲೂ ಎಂದರೆ ಕೆಸು ಅಲ್ಲ, ನಮ್ಮ ಹರಿವೆಯ ಜಾತಿಯ ಸೊಪ್ಪು.

ಕಬ್ಬಿನ ತೋಟಗಳಿಗೆ ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರು ಕೈಗೆ ಸಿಕ್ಕಿದ ಸೊಪ್ಪನ್ನು ಬೇಯಿಸಿ ಕಟ್ಟಿದ ಅಡುಗೆ ಇದು. ಗುಲಾಮಗಿರಿ ಮುಗಿದ ಮೇಲೆ ಅದೇ ತೋಟಗಳಿಗೆ ಭಾರತದಿಂದ ಕೂಲಿಗಳನ್ನು ಕರೆದೊಯ್ದರು. 1845ರ ಮೇ 30ರಂದು ‘ಫತೇಲ್ ರಝಾಕ್’ ಹಡಗು ಕಲ್ಕತ್ತಾದಿಂದ ಟ್ರಿನಿಡಾಡ್ ತಲುಪಿತು. ಕೂಲಿಗಳ ಸಾಗಾಟ 1917ರ ತನಕ ನಡೆಯಿತು. ಹೋದವರಲ್ಲಿ ಮುಸ್ಲಿಮರೂ ಇದ್ದರು. ಅವರ ಜೊತೆ ಒಗ್ಗರಣೆಯೂ ಹೋಯಿತು. ಭೋಜ್‌ಪುರಿಯ ‘ಛೌಂಕ್’ ಅಲ್ಲಿ ‘ಚುಂಕೆ’ ಆಗಿ ಇಂದಿಗೂ ಉಳಿದಿದೆ. ಕೆಸುವಿನ ಎಲೆಗೆ ಬೇಳೆ ಹಿಟ್ಟು ಹಚ್ಚಿ, ಸುತ್ತಿ, ಕರಿಯುವ ‘ಸಹೀನಾ’ ನೋಡಿದರೆ ಪತ್ರೊಡೆಯ ತಂಗಿಯೇ ಅನ್ನಿಸುತ್ತದೆ.

ಆದರೆ ಒಂದು ಎಚ್ಚರಿಕೆ. ಕಲಲೂಗೆ ಅಲ್ಲಿ ಹಲವರು ಉಪ್ಪು ಹಾಕಿದ ಹಂದಿಯ ಬಾಲ ಹಾಕುತ್ತಾರೆ, ಕೆಲವರು ಏಡಿ ಹಾಕುತ್ತಾರೆ. ಹಡಗಿನ ಕೆಲಸಕ್ಕೆ ಹೋಗುವ ನಮ್ಮ ಹುಡುಗರು ಆ ಬಂದರುಗಳಲ್ಲಿ ಇಳಿದಾಗ ‘ಸೊಪ್ಪಲ್ವಾ, ಏನಾಗ್ತದೆ’ ಎಂದು ತಟ್ಟೆಗೆ ಕೈ ಹಾಕಬಾರದು. ಒಳಗೆ ಏನು ಹಾಕಿದ್ದಾರೆಂದು ಕೇಳಿಯೇ ತಿನ್ನಬೇಕು.

ಮನೆಯಲ್ಲಿ ಮಾಡುವುದು ಸುಲಭ. ಹತ್ತು ಎಳೆ ಕೆಸುವಿನ ಎಲೆಯ ನಾರು, ದಪ್ಪ ನರ ತೆಗೆದು ಸಣ್ಣಗೆ ಹೆಚ್ಚಿ. ಕೈಗೆ ಮೊದಲೇ ಎಣ್ಣೆ ಸವರಿಕೊಳ್ಳಿ. ಏಳೆಂಟು ಬೆಂಡೆ, ಒಂದು ತುಂಡು ಸಿಹಿಕುಂಬಳ, ನೀರುಳ್ಳಿ, ಬೆಳ್ಳುಳ್ಳಿ, ಉಪ್ಪು, ಎರಡು ಲೋಟ ತೆಂಗಿನ ಹಾಲು ಸೇರಿಸಿ ಸಣ್ಣ ಉರಿಯಲ್ಲಿಡಿ. ಖಾರದ ಹಸಿಮೆಣಸನ್ನು ಇಡಿಯಾಗಿ ಹಾಕಿ, ಒಡೆಯದಂತೆ ಕೊನೆಗೆ ತೆಗೆದುಬಿಡಿ. ಪರಿಮಳ ಮಾತ್ರ ಉಳಿಯುತ್ತದೆ. ಮುಕ್ಕಾಲು ಗಂಟೆಯಾದರೂ ಬೇಯಲಿ. ಎಲೆ ಪೂರ್ತಿ ಕರಗಿದ ಮೇಲೆ ಕಡೆಗೋಲಿನಿಂದ ಕಡೆಯಿರಿ. ಅಲ್ಲಿನವರೂ ಹಿಂದಿನಿಂದ ಮರದ ಕಡೆಗೋಲಿನಲ್ಲೇ ಕಡೆಯುತ್ತಾರೆ. ಅನ್ನದ ಜೊತೆ ಚೆನ್ನಾಗಿರುತ್ತದೆ.

ಜಮೈಕಾದ ರೀತಿ ಬೇಕಾದರೆ ಹರಿವೆಯನ್ನು ನೀರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಮೆಣಸಿನೊಂದಿಗೆ ಬಾಡಿಸಿ ಮುಚ್ಚಿಡಿ. ಸೊಪ್ಪಿನ ನೀರಲ್ಲೇ ಹತ್ತು ನಿಮಿಷದಲ್ಲಿ ಬೇಯುತ್ತದೆ. ಅವರು ಇದಕ್ಕೆ ಉಪ್ಪುಮೀನು ಸೇರಿಸಿ ಬೆಳಗ್ಗೆ ತಿನ್ನುತ್ತಾರೆ. ನಮ್ಮ ಒಣಮೀನನ್ನು ನೆನೆಸಿ ಉಪ್ಪು ತೆಗೆದು ಹಾಕಬಹುದು.

ಕೆಸುವಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಬಾಯಿ, ಗಂಟಲು ತುರಿಸುವುದು ಅದರಿಂದಲೇ. ಆದ್ದರಿಂದ ಅರೆಬೆಂದದ್ದನ್ನು ರುಚಿ ನೋಡಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ. ಕಿಡ್ನಿ ಕಲ್ಲಿನ ತೊಂದರೆ ಇರುವವರು ಕೆಸು, ಹರಿವೆ ಎರಡರ ಬಗ್ಗೆಯೂ ಡಾಕ್ಟರರನ್ನು ಕೇಳಿಯೇ ತಿನ್ನಲಿ.

ನಮ್ಮ ದೀನ್ ಹಲಾಲ್ ಎಂಬ ಮಾತಿನ ಜೊತೆಗೇ ತಯ್ಯಿಬ್ ಎಂದೂ ಹೇಳುತ್ತದೆ. ಅಂದರೆ ಶುದ್ಧವಾದದ್ದು, ಒಳ್ಳೆಯದು. ಪಾತ್ರೆಗೆ ಹರಾಮ್ ಬೀಳದಂತೆ ನೋಡಿದರೆ ಅರ್ಧ ಕೆಲಸ ಆಯಿತು. ತಿಂದವರಿಗೆ ತೊಂದರೆಯಾಗದಂತೆ ಬೇಯಿಸುವುದು ಉಳಿದರ್ಧ. ಕೋಳಿ, ಮಟನ್ ಇಲ್ಲದ ದಿನ ‘ಇವತ್ತು ಏನೂ ಇಲ್ಲ’ ಎನ್ನುವ ಮೊದಲು ನಮ್ಮ ಉಮ್ಮಂದಿರು ಹಿತ್ತಿಲಿಗೆ ಒಮ್ಮೆ ಹೋಗಿ ನೋಡಲಿ. ಅಲ್ಲಾಹನು ಅಲ್ಲೂ ರಿಝ್ಕ್ ಇಟ್ಟಿದ್ದಾನೆ.